ಗೋಮಾ ಗಡಿ ದಾಟಿದ ಯುದ್ಧ: ರುವಾಂಡಾದಿಂದ ಕಾಂಗೋಗೆ, 1994–2003

ರುವಾಂಡಾದ ಗಿಸೆನ್ಯಿ ಮತ್ತು ಜೈರ್‌ನ (ಇಂದಿನ ಕಾಂಗೋ) ಗೋಮಾ, ಕಿವು ಸರೋವರದ ಉತ್ತರ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬೆಳೆದ ಊರುಗಳು. ನಡುವೆ ಹೊಳೆಯಿಲ್ಲ, ಬೆಟ್ಟವಿಲ್ಲ. ತಡೆಗಂಬ ಎತ್ತಿದರೆ ದೇಶ ಬದಲಾಗುತ್ತದೆ, ಅಷ್ಟೆ. 1994ರ ಜುಲೈ 14ರಿಂದ ನಾಲ್ಕೈದು ದಿನಗಳಲ್ಲಿ ಸುಮಾರು 8 ಲಕ್ಷ ಜನ ಇಲ್ಲಿ ಗಡಿ ದಾಟಿದರು. ಅವರ ನಡುವೆಯೇ ರುವಾಂಡಾದ ಒಳಯುದ್ಧದಲ್ಲಿ ಸೋತ ಸೇನೆಯೊಂದು ಆಯುಧ, ವಾಹನ, ಖಜಾನೆಯ ಹಣ ಸಮೇತ ಬಂದಿತ್ತು. ಎರಡೂಕಾಲು ವರ್ಷದ ನಂತರ, ಗೆದ್ದ ಸೇನೆಯೂ ಅದೇ ದಾರಿಯಲ್ಲಿ ಬಂತು. 1998ರ ಕೊನೆಗೆ ಕಾಂಗೋ ನೆಲದಲ್ಲಿ ಎಂಟು ದೇಶಗಳ ಸೈನಿಕರಿದ್ದರು.

ಯುದ್ಧ ಹರಡಿತು ಎಂದ ಕೂಡಲೇ ಕಾಡ್ಗಿಚ್ಚಿನ ಚಿತ್ರ ಮನಸ್ಸಿಗೆ ಬರುತ್ತದೆ. ಈ ಪ್ರಕರಣಕ್ಕೆ ಆ ಹೋಲಿಕೆ ಒಗ್ಗುವುದಿಲ್ಲ. 1994ರ ರುವಾಂಡಾ ನರಮೇಧದ ಕಾಲದಲ್ಲೇ, ಅದೇ ದೇಶದಿಂದ ತಾಂಜಾನಿಯಾಕ್ಕೂ 5 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಹೋದರು. ಅಲ್ಲಿ ಯುದ್ಧವಾಗಲಿಲ್ಲ. ಒಂದು ನೆರೆಮನೆ ಸುಟ್ಟು ಇನ್ನೊಂದು ಉಳಿದದ್ದು ಗಾಳಿಯ ದಿಕ್ಕಿನಿಂದಲ್ಲ. ಯಾವ ಬಾಗಿಲು ತೆರೆದಿತ್ತು, ಯಾರು ಅದನ್ನು ತೆರೆದೇ ಬಿಟ್ಟರು, ಯಾರು ಅದರೊಳಗೆ ಲೆಕ್ಕ ಹಾಕಿ ಕಾಲಿಟ್ಟರು ಎಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲ ಸುತ್ತು ಉಗಾಂಡಾದಲ್ಲಿ

1959ರಿಂದ 60ರ ದಶಕದವರೆಗೆ ರುವಾಂಡಾದ ಬಹುಸಂಖ್ಯಾತ ಹುಟು ಮತ್ತು ಅಲ್ಪಸಂಖ್ಯಾತ ಟುಟ್ಸಿ ಸಮುದಾಯಗಳ ನಡುವಿನ ಹಿಂಸಾಚಾರದಿಂದ ಓಡಿಹೋದ ಟುಟ್ಸಿ ಕುಟುಂಬಗಳಲ್ಲಿ ಬಹಳಷ್ಟು ಉಗಾಂಡಾದ ಶಿಬಿರಗಳಲ್ಲಿ ನೆಲೆಸಿದವು. ಅಲ್ಲಿ ಬೆಳೆದ ಮಕ್ಕಳು ಯೊವೇರಿ ಮುಸೆವೆನಿಯ ಬಂಡಾಯ ಸೇನೆ ಸೇರಿ, 1986ರಲ್ಲಿ ಆತ ಅಧಿಕಾರ ಹಿಡಿದಾಗ ಉಗಾಂಡಾ ಸೇನೆಯ ಅಧಿಕಾರಿಗಳಾದರು. ಆದರೂ ಅವರನ್ನು ಉಗಾಂಡಾದವರು ಎಂದು ಒಪ್ಪಿಕೊಳ್ಳಲು ಆ ದೇಶ ಸಿದ್ಧವಿರಲಿಲ್ಲ, ರುವಾಂಡಾ ವಾಪಸ್ ಕರೆಸಿಕೊಳ್ಳಲೂ ಇಲ್ಲ. 1990ರ ಅಕ್ಟೋಬರ್ 1ರಂದು ಅವರೇ ಕಟ್ಟಿದ ರುವಾಂಡಾ ದೇಶಭಕ್ತ ರಂಗ, ಅಂದರೆ ಆರ್‌ಪಿಎಫ್, ಉಗಾಂಡಾ ಸೇನೆಯ ಬಂದೂಕುಗಳನ್ನೇ ಹಿಡಿದು ರುವಾಂಡಾ ಪ್ರವೇಶಿಸಿತು. ದಂಡನಾಯಕ ಫ್ರೆಡ್ ರ್ವಿಗ್ಯೆಮಾ ಎರಡನೇ ದಿನವೇ ಸತ್ತ. ನಂತರ ಪಾಲ್ ಕಗಾಮೆ ಮುನ್ನಡೆಸಿದ.

ಮುಂದಿನದೆಲ್ಲಕ್ಕೂ ಕೀಲಿ ಇಲ್ಲಿದೆ. 1994ರಲ್ಲಿ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಅಧಿಕಾರಕ್ಕೆ ಬಂದವರಿಗೆ ಗಡಿಯಾಚೆಯ ನಿರಾಶ್ರಿತ ಶಿಬಿರ ಸೇನೆಯಾಗಿ ಮಾರ್ಪಡುವುದು ಹೇಗೆ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಅವರೇ ಅದನ್ನು ಮಾಡಿ ತೋರಿಸಿದವರು. ಗೋಮಾದ ಶಿಬಿರಗಳನ್ನು ಕಂಡಾಗ ಪ್ರಪಂಚಕ್ಕೆ ಪರಿಹಾರ ಕಾರ್ಯ ಕಂಡಿತು, ಕಿಗಾಲಿಗೆ ತನ್ನದೇ ಹಿಂದಿನ ಚರಿತ್ರೆ ಕಂಡಿತು.

ಗೋಮಾ: ಶಿಬಿರ ದಂಡಿನ ಪಾಳೆಯವಾದ ಬಗೆ

1994ರ ಏಪ್ರಿಲ್ 6ರಂದು ರುವಾಂಡಾದ ಅಧ್ಯಕ್ಷ ಜುವೆನಲ್ ಹಬ್ಯಾರಿಮಾನ ಹಾಗೂ ಬುರುಂಡಿಯ ಅಧ್ಯಕ್ಷ ಸಿಪ್ರಿಯೆನ್ ನ್ತಾರ್ಯಾಮಿರ ಇದ್ದ ವಿಮಾನವನ್ನು ಕಿಗಾಲಿಯಲ್ಲಿ ಹೊಡೆದುರುಳಿಸಲಾಯಿತು. ಮುಂದಿನ ಸುಮಾರು 100 ದಿನಗಳಲ್ಲಿ ಸೇನೆ, ಆಡಳಿತ ಯಂತ್ರ ಮತ್ತು ಇಂಟರಹಾಮ್ವೆ ಎಂಬ ಪಕ್ಷದ ಪಡೆ ಸೇರಿ ಲಕ್ಷಾಂತರ ಟುಟ್ಸಿಗಳನ್ನೂ, ವಿರೋಧಿಸಿದ ಹುಟುಗಳನ್ನೂ ಕೊಂದವು. 8 ಲಕ್ಷ ಎಂಬ ಅಂಕಿ ಹೆಚ್ಚು ಬಳಕೆಯಲ್ಲಿದೆ. ಆರ್‌ಪಿಎಫ್ ಜುಲೈ 4ರಂದು ಕಿಗಾಲಿಯನ್ನು ಹಿಡಿಯಿತು. ನೈರುತ್ಯದಲ್ಲಿ ಭದ್ರತಾ ಮಂಡಳಿಯ ಅನುಮತಿ ಪಡೆದು ಬಂದ ಫ್ರೆಂಚ್ ಪಡೆ ಕಾವಲಿದ್ದ ವಲಯ, ವಾಯವ್ಯದಲ್ಲಿ ಗಿಸೆನ್ಯಿ: ಸೋತ ಆಡಳಿತಕ್ಕೆ ಉಳಿದ ದಾರಿ ಈ ಎರಡೇ. ಎರಡೂ ಜೈರ್‌ಗೇ ಹೋಗುತ್ತಿದ್ದವು.

ಹೋದದ್ದು ಒಂದು ಜನಸಮೂಹ ಎನ್ನುವುದಕ್ಕಿಂತ ಒಂದು ಇಡೀ ರಾಜ್ಯವೇ ಜಾಗ ಬದಲಿಸಿತು ಎನ್ನುವುದು ಸರಿ. ಪ್ರಿಫೆಕ್ಟ್ ಎಂಬ ಪ್ರಾಂತ್ಯಾಧಿಕಾರಿಗಳು, ಬೂರ್ಗ್‌ಮೇಸ್ತರ್ ಎಂದು ಕರೆಯುವ ಕಮ್ಯೂನ್ (ಸ್ಥಳೀಯ ಆಡಳಿತ ಘಟಕ) ಮುಖ್ಯಸ್ಥರು, ಸೇನಾಧಿಕಾರಿಗಳು ತಮ್ಮ ತಮ್ಮ ಊರಿನ ಜನರನ್ನು ಮುಂದೆ ಹಾಕಿಕೊಂಡು ಹೊರಟರು. ಕಿಬುಂಬಾ, ಕಟಾಲೆ, ಮುಗುಂಗಾ ಶಿಬಿರಗಳಲ್ಲಿ ಜನ ಕೂತದ್ದೂ ಊರಿನಲ್ಲಿದ್ದ ಕಮ್ಯೂನ್ ಕ್ರಮದಲ್ಲೇ. ಸೈನಿಕರು ಮತ್ತು ಇಂಟರಹಾಮ್ವೆ ಸೇರಿ ಕೆಲವು ಹತ್ತು ಸಾವಿರ ಇದ್ದರು. ಗೋಮಾ ಬಳಿಯ ಮುಗುಂಗಾ ಮತ್ತು ಲಾಕ್ ವೆರ್ ಪ್ರದೇಶ ಅವರ ಮುಖ್ಯ ಠಾಣೆಯಾಯಿತು.

ಮೊದಲ ತಿಂಗಳಿನ ಸಂಕಟ ಬೇರೆಯದೇ ಇತ್ತು. ಗೋಮಾ ಸುತ್ತ ನೆಲವೆಂದರೆ ಹೆಪ್ಪುಗಟ್ಟಿದ ಲಾವಾ. ಶೌಚದ ಗುಂಡಿ ತೋಡಲಾಗದು, ಹೆಣ ಹೂಳಲಾಗದು. ಜನ ಸರೋವರದ ನೀರನ್ನೇ ಕುಡಿದರು. ಕಾಲರಾ, ರಕ್ತಭೇದಿಗೆ ಒಂದೇ ತಿಂಗಳಲ್ಲಿ ಸುಮಾರು 50,000 ಮಂದಿ ಸತ್ತರು. ಆ ಹೊತ್ತಿನಲ್ಲಿ ಯಾರು ಸೈನಿಕ, ಯಾರು ರೈತ ಎಂದು ಕೇಳುತ್ತಾ ಕೂರುವ ಸ್ಥಿತಿ ಪರಿಹಾರ ಸಂಸ್ಥೆಗಳಿಗಿರಲಿಲ್ಲ. ಅದನ್ನು ಒಪ್ಪಲೇಬೇಕು. ತಪ್ಪು ನಡೆದದ್ದು ಎರಡನೇ ತಿಂಗಳಿನಿಂದ, ತುರ್ತು ಮುಗಿದರೂ ತುರ್ತಿನ ವ್ಯವಸ್ಥೆಯೇ ಮುಂದುವರಿದಾಗ.

ಆ ವ್ಯವಸ್ಥೆ ಹೀಗಿತ್ತು. ಪಡಿತರವನ್ನು ತಲೆ ಎಣಿಕೆಯ ಮೇಲೆ ಕಮ್ಯೂನ್ ಮುಖಂಡರ ಕೈಗೆ ಕೊಡುವುದು, ಅವರು ಜನರಿಗೆ ಹಂಚುವುದು. ಎಣಿಕೆಯನ್ನೂ ಅವರೇ ಕೊಟ್ಟರು, ಉಬ್ಬಿಸಿಯೇ ಕೊಟ್ಟರು. ಹೆಚ್ಚುವರಿ ಜೋಳದ ಹಿಟ್ಟು, ಎಣ್ಣೆ, ಪ್ಲಾಸ್ಟಿಕ್ ಹಾಳೆ ಸಂತೆಗೆ ಹೋಯಿತು. ಸಂಸ್ಥೆಗಳು ಕೆಲಸಕ್ಕೆ ಇಟ್ಟುಕೊಂಡ ನಿರಾಶ್ರಿತರ ಸಂಬಳದಿಂದ, ಶಿಬಿರದೊಳಗಿನ ಅಂಗಡಿಗಳಿಂದ ತೆರಿಗೆ ಎತ್ತಿದರು. ಆ ಹಣ ಮತ್ತು ತಂದಿದ್ದ ಖಜಾನೆ ಸೇರಿ ಶಸ್ತ್ರ ಖರೀದಿಯಾಯಿತು. ಊರಿಗೆ ಮರಳುತ್ತೇನೆ ಎಂದವನಿಗೆ ಪಡಿತರ ನಿಂತಿತು, ಕೆಲವರಿಗೆ ಪ್ರಾಣವೇ ಹೋಯಿತು. ಹೀಗೆ ನಿರಾಶ್ರಿತನೊಬ್ಬ ಸೇನೆಗೆ ಮೂರು ಬಗೆಯಲ್ಲಿ ಬೇಕಾದವನಾದ: ಅವನ ಲೆಕ್ಕದಲ್ಲಿ ಅನ್ನ ಬರುತ್ತದೆ, ಅವನ ಮಗ ಸೈನಿಕನಾಗುತ್ತಾನೆ, ಅವನ ಗುಡಿಸಲು ಮರೆಯಾಗುತ್ತದೆ.

ಶಿಬಿರಗಳ ಜಾಗವೂ ತಪ್ಪಾಗಿತ್ತು. ನಿರಾಶ್ರಿತರನ್ನು ಅವರ ದೇಶದ ಗಡಿಯಿಂದ ಸಾಕಷ್ಟು ದೂರದಲ್ಲಿ ನೆಲೆಗೊಳಿಸಬೇಕು ಎಂದು 1969ರ ಆಫ್ರಿಕನ್ ಏಕತಾ ಸಂಘಟನೆಯ ಒಡಂಬಡಿಕೆ ಹೇಳುತ್ತದೆ. ಶಿಬಿರ ಯೋಜಿಸುವವರು ಬಳಸುವ ಅಂದಾಜು 50 ಕಿಲೋಮೀಟರ್. ಕಿಬುಂಬಾ, ಮುಗುಂಗಾ ಎರಡೂ ಅದರೊಳಗೇ ಇದ್ದವು. ರಾತ್ರಿ ಹೊರಟು ರುವಾಂಡಾದೊಳಗೆ ದಾಳಿ ಮಾಡಿ ಮರಳಬಹುದಾದಷ್ಟು ಹತ್ತಿರ. 1995ರಿಂದ ಅಂಥ ದಾಳಿಗಳು ನಿಯಮಿತವಾದವು. ಸಾಕ್ಷಿ ಹೇಳಬಲ್ಲ ಬದುಕುಳಿದವರನ್ನೂ, ಸ್ಥಳೀಯ ಅಧಿಕಾರಿಗಳನ್ನೂ ಹುಡುಕಿ ಕೊಂದರು.

ಬೇರ್ಪಡಿಸುವ ಪ್ರಯತ್ನ ಆಗಲೇ ಇಲ್ಲವೇ? ಮಾತುಕತೆ ಆಯಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬೂತ್ರೋಸ್ ಬೂತ್ರೋಸ್ ಘಾಲಿ ಶಿಬಿರಗಳ ಭದ್ರತೆಗೆ ಪಡೆ ಕೊಡಿ ಎಂದು ಸುಮಾರು 40 ದೇಶಗಳನ್ನು ಕೇಳಿದರು. 1995ರ ಜನವರಿ ಹೊತ್ತಿಗೆ ಒಪ್ಪಿದ್ದು ಒಂದೇ ದೇಶ. ಶಿಬಿರ ನಡೆಸಲು ದಿನಕ್ಕೆ ಹತ್ತು ಲಕ್ಷ ಡಾಲರ್‌ನಷ್ಟು ಕೊಡುತ್ತಿದ್ದ ದೇಶಗಳೇ ಅಲ್ಲಿ ಒಬ್ಬ ಸೈನಿಕನನ್ನು ನಿಲ್ಲಿಸಲು ಒಲ್ಲೆ ಎಂದವು. ವೈದ್ಯರ ಸಂಸ್ಥೆ ಎಂಎಸ್‌ಎಫ್‌ನ ಫ್ರೆಂಚ್ ವಿಭಾಗ, ನಾವು ಕೊಲೆಗಾರರನ್ನು ಸಾಕುತ್ತಿದ್ದೇವೆ ಎಂದು 1994ರ ನವೆಂಬರ್‌ನಲ್ಲಿ ಹೊರನಡೆಯಿತು. ಸದಾಕೊ ಒಗಾಟಾ ನೇತೃತ್ವದ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಬೇರೆ ದಾರಿಯಿಲ್ಲದೆ ಜೈರ್ ಸೇನೆಯ 1,500 ಸೈನಿಕರನ್ನೇ ಸಂಬಳ ಕೊಟ್ಟು ಕಾವಲಿಗಿಟ್ಟಿತು. ಕಳ್ಳತನ, ಹಾದಿಬೀದಿ ಕೊಲೆ ಕಡಿಮೆಯಾಯಿತು, ಅಷ್ಟರ ಮಟ್ಟಿಗೆ ಆ ಪಡೆ ಕೆಲಸ ಮಾಡಿತು. ನಿಶ್ಶಸ್ತ್ರೀಕರಣ ಅದರ ಕರ್ತವ್ಯಪಟ್ಟಿಯಲ್ಲೇ ಇರಲಿಲ್ಲ. ಇದ್ದಿದ್ದರೂ, ಸೋತ ಸೇನೆಯ ಬಂದೂಕುಗಳನ್ನು ಗಡಿಯಲ್ಲಿ ಅರ್ಧಂಬರ್ಧ ಕಿತ್ತುಕೊಂಡು ಆಮೇಲೆ ಮಾರಿಕೊಂಡ ಸೇನೆಯಿಂದ ಅದನ್ನು ನಿರೀಕ್ಷಿಸುವುದು ಬೇಲಿಗೆ ಹೊಲ ಒಪ್ಪಿಸಿದಂತೆ.

ರುಸುಮೊ: ಅದೇ ಜನ, ಬೇರೆ ಬಾಗಿಲು

ತಾಂಜಾನಿಯಾ ಗಡಿಯಲ್ಲಿ ಕಗೆರಾ ನದಿಯ ಮೇಲೆ ರುಸುಮೊ ಸೇತುವೆ ಇದೆ. 1994ರ ಏಪ್ರಿಲ್ 28–29ರಂದು, ಆಗಿನ ಅಂದಾಜಿನಂತೆ, 24 ಗಂಟೆಗಳಲ್ಲಿ ಸುಮಾರು 2.5 ಲಕ್ಷ ಜನ ಇದನ್ನು ದಾಟಿದರು. ಸೇತುವೆಯ ಬಳಿ ಅವರಿಂದ ಮಚ್ಚು, ಭರ್ಚಿಗಳನ್ನು ಕೆಳಗಿಡಿಸಿಕೊಂಡ ರಾಶಿಗಳು ಬೆಳೆದವು. ಬೆನಾಕೊ ಶಿಬಿರದಲ್ಲೂ ಹಳೆಯ ಮುಖಂಡರದೇ ದರಬಾರು, ನರಮೇಧದಲ್ಲಿ ಕೈಯಾಡಿಸಿದವರೂ ಇದ್ದರು. ಆದರೆ ಅಲ್ಲಿಂದ ಒಂದು ಯುದ್ಧ ಹೊರಡಲಿಲ್ಲ.

ಇದನ್ನು ತಾಂಜಾನಿಯಾದ ಜಾಣತನಕ್ಕೆ ಪೂರ್ತಿ ಬರೆದುಬಿಡುವುದು ತಪ್ಪಾಗುತ್ತದೆ. ಸೋತ ಸೇನೆ ಸಂಘಟಿತವಾಗಿ ಹಿಂದೆ ಸರಿದದ್ದು ಪಶ್ಚಿಮಕ್ಕೆ, ಪೂರ್ವಕ್ಕಲ್ಲ. ತಾಂಜಾನಿಯಾಕ್ಕೆ ಸಿಕ್ಕ ಕೆಲಸವೇ ಹಗುರ. ಆದರೂ ವ್ಯತ್ಯಾಸ ಉಳಿಯುತ್ತದೆ. ತಾಂಜಾನಿಯಾದ ಸೈನಿಕನಿಗೆ ಸಂಬಳ ಸಿಗುತ್ತಿತ್ತು, ಗಡಿಯ ಠಾಣೆಗೆ ಕೊಟ್ಟ ಆದೇಶ ಜಾರಿಯಾಗುತ್ತಿತ್ತು. ರುವಾಂಡಾದ ಹಳೆಯ ಆಡಳಿತದಿಂದ ಆ ಸರ್ಕಾರಕ್ಕೆ ಆಗಬೇಕಾದದ್ದು ಏನೂ ಇರಲಿಲ್ಲ. ಶಿಬಿರದ ಸುತ್ತಲಿನ ಜಿಲ್ಲೆಗಳಲ್ಲಿ ಪೌರತ್ವ ಪ್ರಶ್ನಿತ ರುವಾಂಡಾ ಮೂಲದ ದೊಡ್ಡ ಸಮುದಾಯದ ಮೇಲೆ ಹೊತ್ತಿಕೊಂಡ ಜಗಳವೂ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ ತಾಂಜಾನಿಯಾ ಎಲ್ಲರನ್ನೂ ತಿಂಗಳ ಕೊನೆಯೊಳಗೆ ಹೊರಡಿ ಎಂದಿತು, ಸೇನೆ ನಿಂತು ಕಳಿಸಿತು. ನಿರಾಶ್ರಿತರ ಕಾನೂನಿನ ಪ್ರಕಾರ ಅದು ಬಲವಂತದ ವಾಪಸಾತಿ, ಟೀಕೆಗೆ ಅರ್ಹ. ಜೈರ್ 1995ರ ಆಗಸ್ಟ್‌ನಲ್ಲಿ ಇಂಥದ್ದನ್ನೇ ಮಾಡಲು ಹೋಗಿ, ಐದು ದಿನದಲ್ಲಿ ಸುಮಾರು 15,000 ಜನರನ್ನು ತಳ್ಳಿ, ಸಾವಿರಾರು ಜನ ಗುಡ್ಡ ಸೇರಿದ ಮೇಲೆ ಕೈಬಿಟ್ಟಿತ್ತು.

ಟೊಳ್ಳು ರಾಜ್ಯ

ಜೈರ್‌ನಲ್ಲಿ 1965ರಿಂದ ಮೊಬುಟು ಸೆಸೆ ಸೆಕೊನ ಆಳ್ವಿಕೆ. ಸಂಬಳ ಸಿಗದ ಸೇನೆ 1991ರಲ್ಲೂ 1993ರಲ್ಲೂ ರಾಜಧಾನಿ ಕಿನ್ಶಾಸಾವನ್ನೇ ಲೂಟಿ ಮಾಡಿತ್ತು. ಕಿನ್ಶಾಸಾದಿಂದ ಗೋಮಾ 1,500 ಕಿಲೋಮೀಟರ್‌ಗೂ ದೂರ, ನಡುವೆ ಮಳೆಕಾಡು, ಉಪಯೋಗಕ್ಕೆ ಬರುವ ರಸ್ತೆ ಇಲ್ಲ. ಪಾಶ್ಚಾತ್ಯರು ದೂರವಿಟ್ಟಿದ್ದ ಮೊಬುಟುವಿಗೆ 1994ರ ಬಿಕ್ಕಟ್ಟು ವರವಾಯಿತು: ಫ್ರೆಂಚರಿಗೆ ಗೋಮಾದ ವಿಮಾನ ನಿಲ್ದಾಣ ಬೇಕು, ಪರಿಹಾರ ಸಂಸ್ಥೆಗಳಿಗೆ ಶಿಬಿರದ ಜಾಗ ಬೇಕು. ಶಿಬಿರ ಇರುವಷ್ಟು ದಿನ ಆತ ಬೇಕಾದವನು. ಹಬ್ಯಾರಿಮಾನ ಹಳೆಯ ಗೆಳೆಯ ಬೇರೆ. ಹಾಗಾಗಿ ಸೋತ ಸೇನೆಯನ್ನು ಒಳನಾಡಿಗೆ ಸಾಗಿಸುವ ಶಕ್ತಿಯೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ.

ದುರ್ಬಲ ರಾಜ್ಯದೊಳಗೆ ಯುದ್ಧ ನುಗ್ಗುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಇಲ್ಲಿ ಅದರ ಕೆಲಸದ ರೀತಿ ಬೇರೆ. ಮೊಬುಟುವಿನ ರಾಜ್ಯಕ್ಕೆ ತನ್ನ ಗಡಿಯೊಳಗೆ ಇರುವವರನ್ನು ಹಿಡಿದಿಡಲು ಆಗುತ್ತಿರಲಿಲ್ಲ. ಅದರಿಂದ ನೆರೆಹೊರೆಯ ಎಲ್ಲ ದೇಶಗಳ ಬಂಡುಕೋರರಿಗೂ ಜೈರ್ ತಂಗುದಾಣವಾಗಿತ್ತು. ಉಗಾಂಡಾ ವಿರುದ್ಧದ ಎಡಿಎಫ್ ರ್ವೆನ್ಜೋರಿ ಬೆಟ್ಟಗಳ ಪಶ್ಚಿಮ ಇಳಿಜಾರಿನಲ್ಲಿ, ಬುರುಂಡಿಯ ಹುಟು ಬಂಡುಕೋರರು ಉವಿರಾ ಸುತ್ತ, ಅಂಗೋಲಾದ ಯುನಿಟಾ ನೈರುತ್ಯದಲ್ಲಿ. ಯುನಿಟಾಗಂತೂ ಮೊಬುಟು ದಶಕಗಳ ಕಾಲ ನೇರ ಬೆಂಬಲ ಕೊಟ್ಟಿದ್ದ. ರುವಾಂಡಾ ಒಂದೇ ಜೈರ್ ಮೇಲೆ ಬಿದ್ದಿದ್ದರೆ ಅದು ಎರಡು ದೇಶಗಳ ಗಡಿ ಕದನ. ಸುತ್ತಲಿನ ನಾಲ್ಕು ದೇಶಗಳಿಗೂ ಅದೇ ದೂರು ಇದ್ದದ್ದರಿಂದ ಅದು ಮಹಾಯುದ್ಧವಾಯಿತು.

ಪೌರತ್ವ ಎಂಬ ಒಣಹುಲ್ಲು

ಪೂರ್ವ ಜೈರ್‌ನ ಕಿವು ಪ್ರಾಂತ್ಯಗಳಲ್ಲಿ ರುವಾಂಡಾ ಭಾಷೆಯಾಡುವ ಜನ ವಸಾಹತು ಕಾಲಕ್ಕೂ ಹಿಂದಿನಿಂದ ಇದ್ದಾರೆ. ಬೆಲ್ಜಿಯನ್ನರು ತೋಟಗಳಿಗೆಂದು ತಂದವರು, 1959ರ ನಂತರ ಓಡಿಬಂದವರು ಸೇರಿಕೊಂಡರು. 1972ರ ಕಾನೂನು 1950ಕ್ಕೆ ಮುಂಚೆ ನೆಲೆಸಿದವರಿಗೆ ಪೌರತ್ವ ಕೊಟ್ಟಿತು. 1981ರ ಕಾನೂನು ಅದನ್ನು ರದ್ದು ಮಾಡಿ, 1885ರಲ್ಲಿ ನಿಮ್ಮ ಪೂರ್ವಜರು ಈ ನೆಲದಲ್ಲಿದ್ದರು ಎಂದು ತೋರಿಸಿ ಎಂದಿತು. ತಾತ ಮುತ್ತಾತಂದಿರ ಕಾಗದ ಯಾರ ಬಳಿ ಇದ್ದೀತು? ಪೌರತ್ವ ಇಲ್ಲದವನಿಗೆ ಜಮೀನಿನ ಹಕ್ಕು ಇಲ್ಲ, ಮತವಿಲ್ಲ. 1993ರಲ್ಲೇ ಮಸಿಸಿ, ವಾಲಿಕಾಲೆಗಳಲ್ಲಿ ಈ ಜಗಳಕ್ಕೆ ಸಾವಿರಾರು ಜನ ಸತ್ತಿದ್ದರು.

ಒಣಗಿ ನಿಂತ ಈ ಹುಲ್ಲಿನ ನಡುವೆ ಶಿಬಿರಗಳು ಬಂದವು. ಸೋತ ಸೇನೆ ಮಸಿಸಿಯಲ್ಲಿ ನೆಲೆ ಮಾಡಿಕೊಳ್ಳಲು ಸ್ಥಳೀಯ ಪಡೆಗಳ ಜೊತೆ ಸೇರಿ ಟುಟ್ಸಿಗಳನ್ನು ಓಡಿಸಿತು. 1996ರ ಮಧ್ಯದಲ್ಲಿ ಜೈರ್‌ನ ಟುಟ್ಸಿಗಳು ರುವಾಂಡಾಕ್ಕೆ ನಿರಾಶ್ರಿತರಾಗಿ ಹೋಗುತ್ತಿದ್ದರು, ನಿರಾಶ್ರಿತರ ಹರಿವೇ ತಿರುಗಿತ್ತು. ದಕ್ಷಿಣ ಕಿವುವಿನ ಬನ್ಯಮುಲೆಂಗೆ ಎಂಬ ಟುಟ್ಸಿ ಸಮುದಾಯದ ಯುವಕರು ಅದಕ್ಕೂ ಮುಂಚೆಯೇ ರುವಾಂಡಾದಲ್ಲಿ ತರಬೇತಿ ಪಡೆಯತೊಡಗಿದ್ದರು. 1996ರ ಅಕ್ಟೋಬರ್ ಮೊದಲ ವಾರದ ಕೊನೆಗೆ ದಕ್ಷಿಣ ಕಿವುವಿನ ಉಪರಾಜ್ಯಪಾಲ, ಬನ್ಯಮುಲೆಂಗೆಗಳು ಒಂದು ವಾರದಲ್ಲಿ ದೇಶ ಬಿಡಬೇಕು ಎಂದು ಘೋಷಿಸಿದ. ಹೊರಗಿನ ಸೇನೆಗೆ ಬೇಕಾದದ್ದು ಇಂಥ ಒಂದು ಮಾತು. ದಾಳಿಗೆ ಒಳನಾಡಿನ ಬಂಡಾಯದ ಮುಖ ಸಿಕ್ಕಿತು.

1996: ಏಳು ತಿಂಗಳು

ಅಕ್ಟೋಬರ್ 18ರಂದು ಲೆಮೆರಾದಲ್ಲಿ ನಾಲ್ಕು ಗುಂಪುಗಳು ಸೇರಿ ಎಎಫ್‌ಡಿಎಲ್ ಎಂಬ ಕೂಟ ಮಾಡಿಕೊಂಡವು ಎಂದು ಪ್ರಕಟವಾಯಿತು. ವಕ್ತಾರ ಲೋರಾಂ ಕಬಿಲಾ, 60ರ ದಶಕದ ಮಾಜಿ ಬಂಡುಕೋರ. ಹೋರಾಟದ ಹೊರೆ ರುವಾಂಡಾ ಸೇನೆಯದು. ಕಗಾಮೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1997ರ ಜುಲೈನಲ್ಲಿ.

ದಾಳಿಯ ಕ್ರಮ ಗಮನಿಸಬೇಕು. ದಕ್ಷಿಣದಿಂದ ಉತ್ತರಕ್ಕೆ: ಉವಿರಾ ಅಕ್ಟೋಬರ್ 25ರ ಹೊತ್ತಿಗೆ, ಬುಕಾವು 30ಕ್ಕೆ, ಗೋಮಾ ನವೆಂಬರ್ 1ಕ್ಕೆ. ಒಂದೊಂದು ಶಿಬಿರ ಒಡೆದಂತೆ ಜನ ಮುಂದಿನದಕ್ಕೆ ಓಡಿದರು, ಗೋಮಾ ಸುತ್ತಲಿನವರೆಲ್ಲ ಕೊನೆಗೆ ಮುಗುಂಗಾದಲ್ಲಿ ಒಟ್ಟಾದರು. ಅದನ್ನು ಪಶ್ಚಿಮದಿಂದ ಹೊಡೆದರು, ಪೂರ್ವದ ರುವಾಂಡಾ ದಾರಿ ಮಾತ್ರ ತೆರೆದಿಟ್ಟರು. ನವೆಂಬರ್ 15ರಿಂದ ನಾಲ್ಕೈದು ದಿನ 5 ಲಕ್ಷಕ್ಕೂ ಹೆಚ್ಚು ಜನ ಮನೆಯತ್ತ ನಡೆದರು. ಎರಡು ವರ್ಷ ಯಾರಿಂದಲೂ ಆಗದ ಬೇರ್ಪಡಿಕೆ ಫಿರಂಗಿಯಿಂದ ಆಯಿತು. ಅದೇ ದಿನ, ನವೆಂಬರ್ 15ರಂದೇ, ಭದ್ರತಾ ಮಂಡಳಿ ಕೆನಡಾ ನೇತೃತ್ವದ ಬಹುರಾಷ್ಟ್ರೀಯ ಪಡೆಗೆ ಅನುಮತಿ ಕೊಟ್ಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾದ ಆ ಪಡೆಯನ್ನು ಡಿಸೆಂಬರ್‌ನಲ್ಲಿ ಕೈಬಿಟ್ಟರು.

ಎಲ್ಲರೂ ಮರಳಲಿಲ್ಲ. ಲಕ್ಷಾಂತರ ಜನ ಪಶ್ಚಿಮದ ಕಾಡಿಗೆ ನುಗ್ಗಿದರು, ಕೆಲವರು ಸೋತ ಸೇನೆಯ ಜೊತೆ, ಬಹಳಷ್ಟು ಜನ ಅದರ ಒತ್ತೆಯಾಳುಗಳಾಗಿ. ಬೆನ್ನಟ್ಟಿದ ಪಡೆಗಳು ಟಿಂಗಿ ಟಿಂಗಿಯಂಥ ಶಿಬಿರಗಳವರೆಗೂ ಹೋದವು, ಹೆಂಗಸರು ಮಕ್ಕಳೆನ್ನದೆ ಕೊಂದವು. 1993–2003ರ ಅಪರಾಧಗಳ ಕುರಿತು ವಿಶ್ವಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ 617 ಘಟನೆಗಳನ್ನು ದಾಖಲಿಸಿದೆ. ಅದರಲ್ಲಿ ಈ ಅಧ್ಯಾಯವೇ ಅತಿ ಭಾರದ್ದು. ನರಮೇಧ ನಿಲ್ಲಿಸಿದ ಸೇನೆಯ ಮೇಲೆ ಹೊರಿಸಿದ ಆರೋಪವಾದ್ದರಿಂದ ಅದರ ಸುತ್ತ ಇಂದಿಗೂ ಗದ್ದಲವಿದೆ. ರುವಾಂಡಾ ಅದನ್ನು ನಿರಾಕರಿಸುತ್ತದೆ.

ಶಿಬಿರ ಒಡೆಯುವುದಷ್ಟೇ ಗುರಿಯಾಗಿದ್ದರೆ ಯುದ್ಧ ನವೆಂಬರ್‌ನಲ್ಲೇ ಮುಗಿಯಬೇಕಿತ್ತು. ಜೈರ್ ಸೇನೆ ಕಾದಾಡದೆ ಲೂಟಿ ಮಾಡುತ್ತ ಹಿಂದೆ ಓಡಿತು, ಮುಂದಿನವರಿಗೆ ನಡೆದಷ್ಟೂ ದಾರಿ. ಉಗಾಂಡಾ ತನ್ನ ಗಡಿಯ ಬಂಡುಕೋರರನ್ನು ತೆಗೆಯಲು ಒಳಗೆ ಬಂತು. ಅಂಗೋಲಾ ಯುನಿಟಾದ ಬೆನ್ನು ಮುರಿಯಲು 1997ರ ಆರಂಭದಲ್ಲಿ ಕೈ ಜೋಡಿಸಿತು. ಮಾರ್ಚ್ 15ಕ್ಕೆ ಕಿಸಂಗಾನಿ, ಏಪ್ರಿಲ್‌ನಲ್ಲಿ ಲುಬುಂಬಾಷಿ, ಮೇ 17ಕ್ಕೆ ಕಿನ್ಶಾಸಾ. ಮೊಬುಟು ಹಿಂದಿನ ದಿನವೇ ಓಡಿಹೋಗಿದ್ದ. ಜೈರ್ ಮತ್ತೆ ಕಾಂಗೋ ಆಯಿತು.

1998: ಸೇನೆ ಅತಿಥಿಯಾಗಿ ಉಳಿದಾಗ

ಹೊರಗಿನವರು ಕೂರಿಸಿದ ದೊರೆ, ಹೊಸ ಅಧ್ಯಕ್ಷ ಲೋರಾಂ ಕಬಿಲಾನಿಗೆ ಎರಡು ಕಡೆಯ ಒತ್ತಡ. ಕಾಂಗೋ ಸೇನೆಯ ಮುಖ್ಯಸ್ಥ ಸ್ಥಾನದಲ್ಲಿ ಜೇಮ್ಸ್ ಕಬರೆಬೆ ಎಂಬ ರುವಾಂಡಾ ಅಧಿಕಾರಿ ಕೂತಿದ್ದ. ಕಿನ್ಶಾಸಾದ ಜನ ಇದನ್ನು ಪರರಾಜ್ಯದ ಆಳ್ವಿಕೆ ಎಂದರು. ಗಡಿಯ ಬಂಡುಕೋರರನ್ನು ಅಡಗಿಸುತ್ತೇನೆಂದ ಕಬಿಲಾನಿಂದ ಅದು ಆಗಲಿಲ್ಲ, ರುವಾಂಡಾದ ವಾಯವ್ಯದಲ್ಲಿ ದಾಳಿಗಳು ಹೆಚ್ಚಿದವು. 1998ರ ಜುಲೈ ಕೊನೆಯಲ್ಲಿ ಕಬಿಲಾ ರುವಾಂಡಾ ಸೈನಿಕರನ್ನು ಹೊರಡಿ ಎಂದ. ಆಗಸ್ಟ್ 2ರಂದು ಗೋಮಾ, ಬುಕಾವುಗಳಲ್ಲಿ ಸೇನಾದಂಗೆ. ಎರಡೇ ದಿನದಲ್ಲಿ ಕಬರೆಬೆ ಗೋಮಾದಲ್ಲಿ ವಶಪಡಿಸಿಕೊಂಡ ವಿಮಾನಗಳಲ್ಲಿ ಪಡೆ ತುಂಬಿಸಿ, ಇಡೀ ದೇಶವನ್ನು ಹಾರಿ ದಾಟಿ, ಅಟ್ಲಾಂಟಿಕ್ ಕರಾವಳಿಯ ಕಿಟೋನಾ ನೆಲೆಯಲ್ಲಿ ಇಳಿದ. ಅಲ್ಲಿ ಮೊಬುಟು ಕಾಲದ ಸೈನಿಕರನ್ನು ಮರುತರಬೇತಿಗೆ ಕೂಡಿಹಾಕಿದ್ದರು. ಅವರು ಇವನ ಜೊತೆ ಸೇರಿದರು. ಇಂಗಾ ಅಣೆಕಟ್ಟು ಕೈಗೆ ಬಂದು ಕಿನ್ಶಾಸಾದ ವಿದ್ಯುತ್ ನಿಂತಿತು.

ಸೈನಿಕ ದೃಷ್ಟಿಯಿಂದ ಇಷ್ಟು ದಿಟ್ಟ ಹೆಜ್ಜೆ ಈ ಯುದ್ಧದಲ್ಲಿ ಇನ್ನೊಂದಿಲ್ಲ. ಲೆಕ್ಕ ತಪ್ಪಿದ್ದು ಒಂದು ಕಡೆ: ಅಂಗೋಲಾ ಸುಮ್ಮನಿರುತ್ತದೆ ಎಂದುಕೊಂಡದ್ದು. ಕಿಟೋನಾ ಇರುವುದು ಅಂಗೋಲಾದಿಂದ ಬೇರ್ಪಟ್ಟು ನಿಂತ ಅದರದೇ ತುಂಡು ಕಬಿಂಡಾ ಮತ್ತು ಅಂಗೋಲಾದ ಉತ್ತರ ಗಡಿಗಳ ನಡುವೆ. ಅಲ್ಲಿ ಮೊಬುಟುವಿನ ಹಳೆಯ ಸೈನಿಕರು ಮತ್ತೆ ಬಂದೂಕು ಹಿಡಿದರೆ ಯುನಿಟಾಗೆ ಮತ್ತೆ ದಾರಿ ತೆರೆಯುತ್ತದೆ. ಹಿಂದಿನ ವರ್ಷ ರುವಾಂಡಾದ ಜೊತೆಗಿದ್ದ ಅಂಗೋಲಾ, ಅದೇ ಯುನಿಟಾದ ಕಾರಣಕ್ಕೆ ಈಗ ಎದುರು ನಿಂತಿತು. ಅದರ ನೀತಿ ಬದಲಾಗಿರಲಿಲ್ಲ, ಯುದ್ಧಭೂಮಿ ತಿರುಗಿತ್ತು. ಆಗಸ್ಟ್ ಕೊನೆಯ ವಾರದಲ್ಲಿ ಕಬಿಂಡಾದಿಂದ ಬಂದ ಅಂಗೋಲಾ ಪಡೆ ಕಿಟೋನಾ ಹಿಡಿಯಿತು, ಜಿಂಬಾಬ್ವೆಯ ಸೈನಿಕರು ಕಿನ್ಶಾಸಾದ ನ್‌ಜಿಲಿ ವಿಮಾನ ನಿಲ್ದಾಣ ಕಾಯ್ದರು.

ಜಿಂಬಾಬ್ವೆಗೆ ಕಾಂಗೋ ಜೊತೆ ಗಡಿಯೇ ಇಲ್ಲ, ನಮೀಬಿಯಾಕ್ಕೂ ಇಲ್ಲ, ಚಾಡ್‌ಗೂ ಇಲ್ಲ. ಯುದ್ಧ ಗಡಿಯಿಂದ ಗಡಿಗೆ ಹಬ್ಬುವ ಹಂತ ಮುಗಿದು ಒಪ್ಪಂದದ ಎಳೆ ಹಿಡಿದು ಹಬ್ಬುವ ಹಂತ ಇದು. ಕಾಂಗೋ 1997ರಲ್ಲಿ ದಕ್ಷಿಣ ಆಫ್ರಿಕಾ ಪ್ರಾದೇಶಿಕ ಕೂಟ ಎಸ್‌ಎಡಿಸಿ ಸೇರಿತ್ತು. ಕೂಟದ ರಕ್ಷಣಾ ಅಂಗದ ಅಧ್ಯಕ್ಷ ರಾಬರ್ಟ್ ಮುಗಾಬೆ. ಸದಸ್ಯ ರಾಷ್ಟ್ರದ ಮೇಲೆ ದಾಳಿಯಾಗಿದೆ ಎಂಬ ವಾದ ಮುಂದಿಟ್ಟು ಆತ ಪಡೆ ಕಳಿಸಿದ. ಕೂಟದ ಅಧ್ಯಕ್ಷರಾಗಿದ್ದ ನೆಲ್ಸನ್ ಮಂಡೇಲಾ ಮಾತುಕತೆಯೇ ದಾರಿ ಎನ್ನುತ್ತಿದ್ದರು. ಜಿಂಬಾಬ್ವೆಗೆ ಕಟಾಂಗಾ, ಕಸಾಯಿಗಳ ಗಣಿ ಗುತ್ತಿಗೆಯ ಆಸೆಯೂ ಇತ್ತು.

ರಾಜಧಾನಿ ಉಳಿಯಿತು, ಯುದ್ಧ ನಿಂತುಹೋಯಿತು ಎನ್ನುವುದಕ್ಕಿಂತ ಸಿಕ್ಕಿಹಾಕಿಕೊಂಡಿತು. ಪೂರ್ವದಲ್ಲಿ ರುವಾಂಡಾ ಬೆಂಬಲಿತ ಬಂಡಾಯ ಪಡೆ ಆರ್‌ಸಿಡಿ, ಉತ್ತರದಲ್ಲಿ ಉಗಾಂಡಾ ಬೆಂಬಲಿತ ಜಾನ್ ಪಿಯೆರ್ ಬೆಂಬಾನ ಎಂಎಲ್‌ಸಿ, ಪಶ್ಚಿಮ ಮತ್ತು ದಕ್ಷಿಣ ಕಬಿಲಾನದು. ಕಬಿಲಾ ತನ್ನ ಕಾಲಾಳು ಸಾಲದೆ, ಎರಡು ವರ್ಷ ಹಿಂದೆ ತಾನೇ ಬೆನ್ನಟ್ಟಿದ್ದ ರುವಾಂಡಾದ ಹುಟು ಸೈನಿಕರನ್ನು ಸೇರಿಸಿಕೊಂಡ. ಶತ್ರುವಿನ ಶತ್ರು ಮಿತ್ರ ಎಂಬ ಹಳೆಯ ಲೆಕ್ಕ. ಚದುರಿದ್ದವರಿಗೆ ಮತ್ತೆ ಸಮವಸ್ತ್ರ, ಮದ್ದುಗುಂಡು ಸಿಕ್ಕಿತು. 2000ದಲ್ಲಿ ಅವರ ಸಂಘಟನೆ ಎಫ್‌ಡಿಎಲ್‌ಆರ್ ಎಂಬ ಹೆಸರು ತಳೆಯಿತು. ಆ ಸೇನೆಯನ್ನು ನಿರ್ಮೂಲ ಮಾಡಲೆಂದು ಶುರುವಾದ ಯುದ್ಧವೇ ಅದಕ್ಕೆ ಮರುಜೀವ ಕೊಟ್ಟಿತು.

ಮಿತ್ರರೂ ಒಡೆದರು. ಕಿಸಂಗಾನಿಯಲ್ಲಿ ರುವಾಂಡಾ, ಉಗಾಂಡಾ ಪಡೆಗಳು 1999ರ ಆಗಸ್ಟ್‌ನಲ್ಲಿ, 2000ದ ಮೇ ತಿಂಗಳಲ್ಲಿ, ಮತ್ತೆ ಜೂನ್‌ನಲ್ಲಿ ಆರು ದಿನ ಪರಸ್ಪರ ಹೊಡೆದಾಡಿದವು. ಮೂರನೇ ದೇಶದ ಪಟ್ಟಣದ ಮೇಲೆ ಆ ಆರು ದಿನದಲ್ಲಿ ಬಿದ್ದ ಶೆಲ್‌ಗಳು 6,000ಕ್ಕೂ ಹೆಚ್ಚು. ನೂರಾರು ನಾಗರಿಕರು ಸತ್ತರು.

ಯುದ್ಧ ತನ್ನ ಖರ್ಚು ತಾನೇ ದುಡಿದಾಗ

ಖನಿಜಕ್ಕಾಗಿಯೇ ಈ ಯುದ್ಧ ಎಂಬ ವಾದ ಜನಪ್ರಿಯ. 1996ರ ಕಾರಣ ಖನಿಜವಲ್ಲ, ಶಿಬಿರ. ಆದರೆ 1999ರ ನಂತರ ಸೇನೆಗಳು ಮನೆಗೆ ಹೋಗದಿರಲು ಖನಿಜ ದೊಡ್ಡ ಕಾರಣ. ಮೊಬೈಲ್ ಫೋನಿನ ಪುಟ್ಟ ಕೆಪಾಸಿಟರ್‌ಗೆ ಬೇಕಾದ ಟಾಂಟಲಮ್, ಕಿವುವಿನ ಕೋಲ್ಟಾನ್ ಅದಿರಿನಲ್ಲಿದೆ. 2000ದ ಕೊನೆಯಲ್ಲಿ ಅದರ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿತು. ಸಲಿಕೆಯಿಂದ ತೋಡಿ, ಹೊಳೆಯಲ್ಲಿ ತೊಳೆದು, ಚೀಲದಲ್ಲಿ ಹೊತ್ತು, ಸಣ್ಣ ವಿಮಾನದಲ್ಲಿ ಸಾಗಿಸಬಹುದಾದ ಅದಿರು ಇದು. ದೊಡ್ಡ ಗಣಿಯಾಗಲಿ ರೈಲಾಗಲಿ ಬೇಡ, ರನ್‌ವೇ ಕಾಯುವ ಸೈನಿಕರಿದ್ದರೆ ಸಾಕು. ರುವಾಂಡಾ ಸೇನೆ 18 ತಿಂಗಳಲ್ಲಿ ಇದರಿಂದ 25 ಕೋಟಿ ಡಾಲರ್ ಗಳಿಸಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2001ರಲ್ಲಿ ಅಂದಾಜು ಮಾಡಿತು. ಬೆಲೆ 2001ರಲ್ಲೇ ಕುಸಿಯಿತು. ಅಷ್ಟರಲ್ಲಿ ಗಣಿ, ದಾರಿಸುಂಕ, ಸಂತೆ ತೆರಿಗೆಗಳ ಮೇಲೆ ಬದುಕುವ ಹತ್ತಾರು ಸಣ್ಣ ಪಡೆಗಳು ಹುಟ್ಟಿಕೊಂಡಿದ್ದವು.

ಸಾವುಗಳಲ್ಲಿ ಬಹುಪಾಲು ಗುಂಡೇಟಿನದಲ್ಲ, ಮಲೇರಿಯಾ, ಭೇದಿ, ಅಪೌಷ್ಟಿಕತೆಯದು. ಅಂತರರಾಷ್ಟ್ರೀಯ ಪಾರುಗಾಣಿಕಾ ಸಮಿತಿಯ ಸಮೀಕ್ಷೆ 1998ರಿಂದ 2007ರವರೆಗೆ 54 ಲಕ್ಷ ಹೆಚ್ಚುವರಿ ಸಾವು ಎಂದಿತು. ಯುದ್ಧಪೂರ್ವದ ಸಾವಿನ ದರವನ್ನು ಕಡಿಮೆ ಹಿಡಿದಿದ್ದಾರೆ ಎಂಬ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ.

ಹಿಂದೆಗೆತ

1999ರ ಜುಲೈ 10ರ ಲುಸಾಕಾ ಕದನವಿರಾಮ ಕಾಗದದಲ್ಲಿ ಅಚ್ಚುಕಟ್ಟಾಗಿತ್ತು: ವಿದೇಶಿ ಸೇನೆಗಳು ಹೊರಡಬೇಕು, ಸಶಸ್ತ್ರ ಗುಂಪುಗಳ ಶಸ್ತ್ರ ಕಳಚಬೇಕು. ಆ ಗುಂಪುಗಳೇ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಭದ್ರತಾ ಮಂಡಳಿ 2000ದ ಫೆಬ್ರವರಿಯಲ್ಲಿ ಮಂಜೂರು ಮಾಡಿದ ಪಡೆ 5,537. ಪಶ್ಚಿಮ ಯುರೋಪಿನಷ್ಟು ವಿಸ್ತಾರದ ದೇಶಕ್ಕೆ. ಲೋರಾಂ ಕಬಿಲಾ ಕೂಡ ಅಡ್ಡಗಾಲು ಹಾಕಿದ. 2001ರ ಜನವರಿ 16ರಂದು ಅಂಗರಕ್ಷಕನೊಬ್ಬ ಆತನನ್ನು ಕೊಂದ ಮೇಲೆ ಮಗ ಜೋಸೆಫ್ ಕಬಿಲಾ ಬಂದ, ಮಾತುಕತೆ ಚಲಿಸಿತು.

ಕೆಲಸ ಮಾಡಿದ್ದು 2002ರ ಜುಲೈ 30ರ ಪ್ರಿಟೋರಿಯಾ ಒಪ್ಪಂದ. ಕಾರಣ ಸರಳ: ಎರಡೇ ಪಕ್ಷ, ಎರಡೇ ಷರತ್ತು. ರುವಾಂಡಾ ಸೇನೆ ವಾಪಸ್ ಹೋಗಬೇಕು, ಕಾಂಗೋ ರುವಾಂಡಾದ ಹುಟು ಪಡೆಗಳನ್ನು ಹಿಡಿದು ನಿಶ್ಶಸ್ತ್ರಗೊಳಿಸಬೇಕು. ಗಡುವು 90 ದಿನ, ಪರಿಶೀಲನೆಗೆ ವಿಶ್ವಸಂಸ್ಥೆ ಮತ್ತು ದಕ್ಷಿಣ ಆಫ್ರಿಕಾ. ಅಕ್ಟೋಬರ್ ಆರಂಭಕ್ಕೆ ರುವಾಂಡಾದ 20,000ಕ್ಕೂ ಹೆಚ್ಚು ಸೈನಿಕರು ಗಡಿ ದಾಟಿ ಹೋದರು. ಉಗಾಂಡಾ ಜೊತೆ ಸೆಪ್ಟೆಂಬರ್‌ನಲ್ಲಿ ಲುವಾಂಡಾದಲ್ಲಿ ಬೇರೆ ಒಪ್ಪಂದವಾಯಿತು. 2003ರ ಮಧ್ಯದಲ್ಲಿ ಬಂಡುಕೋರ ನಾಯಕರನ್ನೂ ಸೇರಿಸಿ ನಾಲ್ವರು ಉಪಾಧ್ಯಕ್ಷರ ಮಧ್ಯಂತರ ಸರ್ಕಾರ ಕೂತಿತು.

ಎರಡನೇ ಷರತ್ತು ಅರ್ಧಕ್ಕೂ ಬರಲಿಲ್ಲ. ಸೇನೆ ಹೊರಟದ್ದನ್ನು ಗಡಿಗಂಬದ ಬಳಿ ನಿಂತು ಎಣಿಸಬಹುದು. ಕಾಡಿನಲ್ಲಿ ಚದುರಿ, ಸ್ಥಳೀಯರನ್ನು ಮದುವೆಯಾಗಿ, ಗಣಿಯ ಸುಂಕ ಎತ್ತುತ್ತ ಕೂತ ಎಫ್‌ಡಿಎಲ್‌ಆರ್ ಅನ್ನು ಎಣಿಸುವುದು ಹೇಗೆ? ಕಾಂಗೋ ಸೇನೆಯ ಕೆಲವು ಅಧಿಕಾರಿಗಳಿಗೆ ಅವರು ಇನ್ನೂ ಬೇಕಾಗಿದ್ದರು. ಅವರು ಇದ್ದಷ್ಟು ದಿನ ರುವಾಂಡಾಕ್ಕೆ ಕಾರಣವೂ ಇತ್ತು, ನೆಪವೂ ಇತ್ತು. ಎಂ23 ಎಂಬ ಬಂಡಾಯ ಪಡೆ ಗೋಮಾವನ್ನು 2012ರ ನವೆಂಬರ್‌ನಲ್ಲಿ ಹಿಡಿದು ಹನ್ನೊಂದು ದಿನಕ್ಕೆ ಬಿಟ್ಟಿತು, 2025ರ ಜನವರಿಯಲ್ಲಿ ಮತ್ತೆ ಹಿಡಿಯಿತು, ಫೆಬ್ರವರಿಯಲ್ಲಿ ಬುಕಾವು ಹೋಯಿತು. ಆ ಪಡೆಗೆ ರುವಾಂಡಾ ಸೈನಿಕರ ಬಲವಿತ್ತೆಂದು ವಿಶ್ವಸಂಸ್ಥೆಯ ತಜ್ಞರು ಬರೆದರು, ಕಿಗಾಲಿ ನಿರಾಕರಿಸಿತು. 2025ರ ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಸಹಿ ಹಾಕಿದ ಒಪ್ಪಂದದ ತಿರುಳು ಹೀಗಿದೆ: ಕಾಂಗೋ ಎಫ್‌ಡಿಎಲ್‌ಆರ್ ಅನ್ನು ನಿಷ್ಕ್ರಿಯಗೊಳಿಸಬೇಕು, ರುವಾಂಡಾ ಗಡಿಯಾಚೆಯ ತನ್ನ ರಕ್ಷಣಾ ಕ್ರಮಗಳನ್ನು ಹಿಂತೆಗೆದುಕೊಳ್ಳಬೇಕು. ಗಡುವು, ಮತ್ತೆ, 90 ದಿನ.